ಯುಗಾದಿಯ ಪಟ್ಟಿ ಹತ್ತನೆಯ ದಿನಕ್ಕೆ ಏಕೆ ಬೀಳುತ್ತದೆ?

ಪ್ರಶ್ನೆ: ನನಗೆ 38 ವರ್ಷ. ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದೇನೆ. ಪತ್ನಿ ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳು, ತಾಯಿ ನಮ್ಮೊಂದಿಗಿದ್ದಾರೆ. ಪ್ರತಿ ಯುಗಾದಿಗೂ ಪ್ರತಿ ಜನವರಿಗೂ ಒಂದು ಪಟ್ಟಿ ಬರೆಯುತ್ತೇನೆ: ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಒಂದು ಗಂಟೆ ನಡಿಗೆ, ಯೋಗ, ಇಲಾಖಾ ಪರೀಕ್ಷೆಗೆ ಓದು, ದಿನಚರಿ ಬರೆಯುವುದು, ಸಕ್ಕರೆ ಬಿಡುವುದು, ರಾತ್ರಿ ಮೊಬೈಲ್ ಮುಟ್ಟದಿರುವುದು. 21 ದಿನ ಪಟ್ಟು ಹಿಡಿದರೆ ಯಾವುದೂ ಅಭ್ಯಾಸವಾಗುತ್ತದೆಂದು ಕೇಳಿದ್ದೇನೆ, ನನ್ನದು ಹತ್ತನೆಯ ದಿನವನ್ನೇ ದಾಟಿಲ್ಲ. ಮತ್ತೆ ಹಾಸಿಗೆಯಲ್ಲಿ ಹನ್ನೆರಡರವರೆಗೆ ಮೊಬೈಲ್, ಕಚೇರಿಯಲ್ಲಿ ದಿನಕ್ಕೆ ಐದು ಚಹಾ. ಕಳೆದ ತಿಂಗಳು ಖಾಲಿ ಹೊಟ್ಟೆಯ ಸಕ್ಕರೆ 112 ಬಂದಿದೆ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ತಾಯಿ ನಗುತ್ತಾರೆ. ತೊಂದರೆ ಇರುವುದು ನನ್ನ ಮನೋಬಲದಲ್ಲಿಯೇ? ಯಾವ ಅಭ್ಯಾಸಗಳನ್ನು, ಹೇಗೆ ರೂಢಿಸಿಕೊಳ್ಳಬೇಕು?

ಉತ್ತರ: ನಿಮ್ಮ ತಾಯಿಯವರು ಹೇಳಿದ ಗಾದೆಗೆ ಅವರ ದಿನಚರಿಯಲ್ಲೇ ಉತ್ತರ ಸಿಗಬಹುದು. ಮುಸ್ಸಂಜೆ ದೇವರ ಮುಂದೆ ದೀಪ ಹಚ್ಚುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಒಂದು ವಾರ ಅವರನ್ನು ಗಮನಿಸಿ. ಅದಕ್ಕೆ ಅವರು ಅಲಾರಾಂ ಇಟ್ಟುಕೊಂಡಿರುವುದಿಲ್ಲ. ಇವತ್ತು ಹಚ್ಚಲೋ ಬೇಡವೋ ಎಂದು ಮನಸ್ಸಿನೊಂದಿಗೆ ಗುದ್ದಾಡುವುದೂ ಇಲ್ಲ. ಹೊರಗೆ ಕತ್ತಲು ಕವಿಯುವುದೇ ಅವರಿಗೆ ಕರೆ. ಕೈಕಾಲು ತೊಳೆದ ಮೇಲೆ ಮುಂದಿನ ಹೆಜ್ಜೆ ತಾನಾಗಿ ದೇವರ ಗೂಡಿನತ್ತ ಹೋಗುತ್ತದೆ, ಎಣ್ಣೆ, ಬತ್ತಿ, ಬೆಂಕಿಪೊಟ್ಟಣ ಮೂರೂ ಅಲ್ಲಿಯೇ ಕೈಗೆ ಸಿಗುತ್ತವೆ, ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಜ್ವರ ಬಂದ ದಿನ ಸೊಸೆಯೋ ಮೊಮ್ಮಗಳೋ ಹಚ್ಚುತ್ತಾರೆ. ಸೂತಕ ಬಂದರೆ ಹತ್ತು ಹನ್ನೊಂದು ದಿನ ದೀಪವೇ ಇರುವುದಿಲ್ಲ. ಶುದ್ಧವಾದ ದಿನದ ಸಂಜೆ ಏನೂ ಆಗದವರಂತೆ ಮತ್ತೆ ಹಚ್ಚುತ್ತಾರೆ. 'ಹತ್ತು ದಿನ ತಪ್ಪಿಹೋಯಿತು, ಇನ್ನು ಮುಂದಿನ ಯುಗಾದಿಗೆ ನೋಡೋಣ' ಎಂದು ಯಾವ ತಾಯಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಗೊತ್ತಾದ ಕರೆ, ಕೈಗೆಟಕುವ ಸಾಮಗ್ರಿ, ಸಣ್ಣ ಕೆಲಸ, ತಪ್ಪಿದರೂ ಮುಂದುವರಿಯುವ ಅವಕಾಶ ಎಂಬ ಈ ನಾಲ್ಕು, ಅಭ್ಯಾಸವನ್ನು ಕುರಿತು ಮನೋವಿಜ್ಞಾನವು ಕಂಡುಕೊಂಡಿರುವ ಸಂಗತಿಗಳಲ್ಲಿ ಮುಖ್ಯವಾದವು. ನಿಮ್ಮ ಪಟ್ಟಿಯಲ್ಲಿ ಏಳು ಸಂಕಲ್ಪಗಳಿವೆ, ಈ ನಾಲ್ಕರಲ್ಲಿ ಒಂದೂ ಇಲ್ಲ.

ಮೊದಲು 21 ದಿನಗಳ ಲೆಕ್ಕವನ್ನು ತಲೆಯಿಂದ ತೆಗೆದುಹಾಕೋಣ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕವೊಂದರಿಂದ ಅದು ಹರಡಿತು. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನಗಳಾದರೂ ಬೇಕಾಗುತ್ತವೆ ಎಂದು ಅವರು ತಮ್ಮ ಅನುಭವದಿಂದ ಬರೆದಿದ್ದರು. ಬಾಯಿಂದ ಬಾಯಿಗೆ ಸಾಗುವಾಗ 'ಕನಿಷ್ಠ' ಎಂಬ ಪದ ಉದುರಿಹೋಯಿತು, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಮಾತು ಓಡುವುದಕ್ಕೂ ಓದುವುದಕ್ಕೂ ಅನ್ವಯವಾಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಸಂಗಡಿಗರು. 96 ಮಂದಿ ಸ್ವಯಂಸೇವಕರು ಮಧ್ಯಾಹ್ನದ ಊಟದೊಂದಿಗೆ ಹಣ್ಣು ತಿನ್ನುವುದು, ರಾತ್ರಿಯ ಊಟಕ್ಕೆ ಮೊದಲು ಓಡುವುದು ಇಂತಹ ಒಂದೊಂದೇ ಕೆಲಸವನ್ನು ಆರಿಸಿಕೊಂಡು 84 ದಿನ ಮಾಡಿದರು. 2010ರಲ್ಲಿ ಫಲಿತಾಂಶ ಅಚ್ಚಾಯಿತು. ಲೆಕ್ಕಕ್ಕೆ ಸರಿಯಾಗಿ ಹೊಂದಿಕೊಂಡ 39 ಮಂದಿಯಲ್ಲಿ ಕೆಲಸವು ಯೋಚನೆಯಿಲ್ಲದೆ ನಡೆಯುವ ಹಂತಕ್ಕೆ ಬರಲು ಹಿಡಿದ ಅವಧಿಯ ಮಧ್ಯಬಿಂದು 66 ದಿನ. ಆದರೆ ಆ ಮಧ್ಯಬಿಂದುವಿಗಿಂತ ಅವಧಿಯ ವ್ಯಾಪ್ತಿಯೇ ನಿಮಗೆ ಹೆಚ್ಚು ಉಪಯೋಗದ್ದು: ಒಬ್ಬರಿಗೆ 18 ದಿನ ಸಾಕಾಯಿತು, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದೆಂದು ಅಂದಾಜಾಯಿತು. ನೀರು ಕುಡಿಯುವಂತಹ ಹಗುರ ಕೆಲಸಗಳು ಬೇಗ ಕೂತವು, ವ್ಯಾಯಾಮ ತಡವಾಗಿ ಕೂತಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂತಹ ನಷ್ಟವೇನೂ ಆಗಲಿಲ್ಲ. ಹತ್ತನೆಯ ದಿನಕ್ಕೆ ನೀವು ಸೋತಿರಿ ಎನ್ನುವುದು ಬಿತ್ತಿದ ಹತ್ತನೆಯ ದಿನ ರಾಗಿಯ ತೆನೆ ಹುಡುಕಿದಂತೆ.

ಇನ್ನು ಮನೋಬಲದ ಪ್ರಶ್ನೆ. ಅಮೆರಿಕದ ಮನೋವಿಜ್ಞಾನಿ ವೆಂಡಿ ವುಡ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಗಂಟೆಗೊಮ್ಮೆ ತಾವು ಏನು ಮಾಡುತ್ತಿದ್ದೇವೆ, ಏನು ಯೋಚಿಸುತ್ತಿದ್ದೇವೆ ಎಂದು ಬರೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಕೆಲಸಗಳಲ್ಲಿ ಸುಮಾರು ಶೇ. 43ರಷ್ಟು ಹೆಚ್ಚುಕಡಿಮೆ ಪ್ರತಿದಿನ ಅದೇ ಸ್ಥಳದಲ್ಲಿ, ಮನಸ್ಸು ಬೇರೆಲ್ಲೋ ಇರುವಾಗ ನಡೆಯುವ ಕೆಲಸಗಳೆಂದು ಕಂಡುಬಂತು. ಅದೇ ವುಡ್ ಮತ್ತು ಡೇವಿಡ್ ನೀಲ್ 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ನನ್ನ ಬಳಿ ಬರುವವರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಸಿನಿಮಾ ನೋಡಲು ಬಂದವರಿಗೆ ಕೆಲವರ ಕೈಗೆ ತಾಜಾ ಪಾಪ್‌ಕಾರ್ನ್, ಕೆಲವರ ಕೈಗೆ ಒಂದು ವಾರ ಹಳೆಯ ಮೆತ್ತಗಾದ ಪಾಪ್‌ಕಾರ್ನ್ ಕೊಟ್ಟರು. ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ತಿನ್ನುವ ಅಭ್ಯಾಸ ಬಲವಾಗಿದ್ದವರು ಹಳೆಯದನ್ನೂ, ರುಚಿಯಿಲ್ಲವೆಂದು ತಾವೇ ಹೇಳಿದರೂ, ತಾಜಾದಷ್ಟೇ ತಿಂದರು. ಅದೇ ಪೊಟ್ಟಣವನ್ನು ಸಭಾಕೊಠಡಿಯಲ್ಲಿ ಕೊಟ್ಟಾಗ, ಅಥವಾ ಚಿತ್ರಮಂದಿರದಲ್ಲಿಯೇ ಎಡಗೈಯಂತಹ ರೂಢಿಯಿಲ್ಲದ ಕೈಯಿಂದ ತಿನ್ನಲು ಹೇಳಿದಾಗ, ಹಳೆಯದು ಹಳೆಯದೆಂದು ಅವರಿಗೆ ಅರಿವಾಯಿತು, ಕೈ ನಿಂತಿತು. ಅವರ ಮನೋಬಲ ಎರಡೂ ಕಡೆ ಒಂದೇ ಆಗಿತ್ತು. ಬದಲಾದದ್ದು ಜಾಗ ಮತ್ತು ಕೈ. ಹಾಸಿಗೆ, ದಿಂಬು, ಆರಿಸಿದ ದೀಪ, ಬಲಗೈಗೆ ಸಿಗುವಂತೆ ಚಾರ್ಜಿಗೆ ಹಾಕಿದ ಮೊಬೈಲ್: ನೀವು ಪ್ರತಿ ರಾತ್ರಿ ಅದೇ ಚಿತ್ರಮಂದಿರದೊಳಗೆ ಹೋಗಿ ಕುಳಿತು, ಕೈ ಪಾಪ್‌ಕಾರ್ನಿಗೆ ಹೋಯಿತೆಂದು ನಿಮ್ಮನ್ನೇ ಹಳಿದುಕೊಳ್ಳುತ್ತಿದ್ದೀರಿ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ, ಇಲ್ಲ.

ತೊಂದರೆ ಪಟ್ಟಿಯಲ್ಲಿದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಎಂಬ ಗಾದೆಯಂತೆ ಎಲ್ಲವನ್ನೂ ಒಂದೇ ದಿನ ಎತ್ತಿಕೊಂಡಿದ್ದೀರಿ. ಅದರಲ್ಲೂ ನಾಲ್ಕೂವರೆಗೆ ಏಳುವ ಸಂಕಲ್ಪವನ್ನು ನಾನು ಮೊದಲು ಹೊಡೆದುಹಾಕುತ್ತೇನೆ. ಬ್ರಾಹ್ಮೀ ಮುಹೂರ್ತದ ಮೇಲೆ ನನಗೆ ಅಗೌರವವಿಲ್ಲ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗುವ ಆ 48 ನಿಮಿಷಗಳ ಅವಧಿಯನ್ನು ಹಿರಿಯರು ಮೆಚ್ಚಿದ್ದು ರಾತ್ರಿ ಎಂಟು ಒಂಬತ್ತಕ್ಕೆ ಮಲಗುತ್ತಿದ್ದ ಕಾಲದಲ್ಲಿ. ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಏಳುವವನಿಗೆ ದಕ್ಕುವುದು ನಾಲ್ಕೂವರೆ ಗಂಟೆಯ ನಿದ್ರೆ ಮಾತ್ರ, ವಯಸ್ಕರಿಗೆ ಬೇಕಾದದ್ದು ಕನಿಷ್ಠ ಏಳು ಗಂಟೆ. ಆ ಕೊರತೆಯ ಸಾಲವನ್ನು ದೇಹ ಮೂರು ನಾಲ್ಕು ದಿನ ಸಹಿಸಿ, ಆಮೇಲೆ ಹಸಿವು, ಸಿಡಿಮಿಡಿ, ಸಿಹಿಯ ಚಪಲಗಳ ರೂಪದಲ್ಲಿ ವಸೂಲು ಮಾಡುತ್ತದೆ, ಪಟ್ಟಿಯ ಉಳಿದ ಆರೂ ಅದರೊಂದಿಗೆ ಮುಗ್ಗರಿಸುತ್ತವೆ. ಇನ್ನೊಂದು ಮಾತನ್ನೂ ಕೇಳಲೇಬೇಕು: ನೀವು ಐದರಿಂದ ಏಳರವರೆಗೆ ನಡಿಗೆ, ಯೋಗ, ಓದು ಎಂದು ಹೊರಟ ದಿನಗಳಲ್ಲಿ ತಿಂಡಿ ಮಾಡಿ, ಮಕ್ಕಳ ಡಬ್ಬಿ ಕಟ್ಟಿ, ತಾವೂ ಶಾಲೆಗೆ ಹೊರಡುತ್ತಿದ್ದವರು ಯಾರು? ಮನೆಯ ಇನ್ನೊಬ್ಬರ ಹೆಗಲ ಮೇಲೆ ನಿಂತ ಅಭ್ಯಾಸವನ್ನು ಮನೆಯೇ ನಿಧಾನವಾಗಿ ಕೆಡವುತ್ತದೆ, ಕೆಡವುವುದು ನ್ಯಾಯವೂ ಹೌದು. ನೀರು ಹಿಡಿಯುವುದೋ ಡಬ್ಬಿ ಕಟ್ಟುವುದೋ ಬೆಳಗಿನ ಒಂದು ಕೆಲಸವನ್ನು ಪೂರ್ತಿಯಾಗಿ ನಿಮ್ಮದಾಗಿಸಿಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ನಾನು ಸೂಚಿಸುವ ಅಭ್ಯಾಸಗಳಲ್ಲಿ ಇದೂ ಒಂದು.

ಮಿಕ್ಕವುಗಳಲ್ಲಿ ಮೊದಲ ಸ್ಥಾನವನ್ನು ನಾನು ರಾತ್ರಿಗೆ ಕೊಡುತ್ತೇನೆ, ಏಕೆಂದರೆ ನಿದ್ರೆ ಸರಿಯಾದರೆ ಬೇರೆಯವು ಅರ್ಧ ಹಗುರವಾಗುತ್ತವೆ. ಮೊಬೈಲ್ ಮುಟ್ಟುವುದಿಲ್ಲ ಎಂಬುದು ಸಂಕಲ್ಪವಷ್ಟೆ. ಮೊಬೈಲ್ ಹಜಾರದಲ್ಲಿ ಮಲಗುತ್ತದೆ ಎಂಬುದು ವ್ಯವಸ್ಥೆ. ಮಲಗುವ ಕೋಣೆಯಿಂದ ಚಾರ್ಜರ್ ತೆಗೆದು ಹಜಾರದ ಪ್ಲಗ್ಗಿಗೆ ಹಾಕಿಬಿಡಿ, ಅಲಾರಾಮಿನ ನೆಪ ಉಳಿಯದಂತೆ ಒಂದು ಟೇಬಲ್ ಗಡಿಯಾರ ತನ್ನಿ. ಮುಂಬಾಗಿಲ ಚಿಲಕ ಹಾಕುವುದು ನಿಮ್ಮ ಕೆಲಸವಾಗಿದ್ದರೆ ಅದನ್ನೇ ಕರೆಯಾಗಿ ಮಾಡಿಕೊಳ್ಳಿ: ಚಿಲಕ ಹಾಕಿದ ಕೈ ಮೊಬೈಲನ್ನು ಚಾರ್ಜಿಗೆ ಹಾಕಬೇಕು. ಹೀಗೆ 'ಇದಾದ ಕೂಡಲೆ ಇದು' ಎಂದು ಮುಂಚೆಯೇ ಗೊತ್ತುಮಾಡಿಕೊಳ್ಳುವುದರ ಪರಿಣಾಮವನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಅವರೂ ಪ್ಯಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಬರಿಯ ಉದ್ದೇಶವಿಟ್ಟುಕೊಂಡವರಿಗಿಂತ ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ನಿಗದಿ ಮಾಡಿಕೊಂಡವರು ಗಮನಾರ್ಹವಾಗಿ ಮುಂದಿದ್ದರು. ನಿಗದಿಯಾದ ಕರೆಯಲ್ಲಿ ಗಡಿಯಾರಕ್ಕಿಂತ ಘಟನೆ ಮೇಲು. ಹತ್ತು ಗಂಟೆ ಎಂಬುದು ಸದ್ದಿಲ್ಲದೆ ದಾಟಿಹೋಗುತ್ತದೆ, ಚಿಲಕ ಹಾಗಲ್ಲ. ಎರಡು ವಾರಗಳ ನಂತರ ಮಲಗುವ ಹೊತ್ತು ಹನ್ನೊಂದಕ್ಕೆ ಬಂದಿದ್ದರೆ, ಏಳುವ ಹೊತ್ತು ನೀವು ಹೇಳದೆಯೇ ಆರಕ್ಕೆ ಬಂದೀತು. ನಾಲ್ಕೂವರೆಯ ಆಸೆ ಆಗಲೂ ಉಳಿದಿದ್ದರೆ ಅದನ್ನು ಮಲಗುವ ಕಡೆಯಿಂದ ಹಿಂದಕ್ಕೆ ಎಳೆಯಿರಿ, ಏಳುವ ಕಡೆಯಿಂದಲ್ಲ. ಸಂಜೆಯ ಕಾಫಿಯ ಬಗ್ಗೆಯೂ ಒಂದು ಮಾತು. ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಇದನ್ನು ಬಲ್ಲ ನಾನೇ ನನ್ನ ಸಂಜೆಯ ಫಿಲ್ಟರ್ ಕಾಫಿಯನ್ನು ನಾಲ್ಕಕ್ಕೆ ತರಲು ಎರಡು ವರ್ಷ ತೆಗೆದುಕೊಂಡೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಎರಡನೆಯದು ನಡಿಗೆ, ಆದರೆ ಒಂದು ಗಂಟೆಯದಲ್ಲ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇದ್ದರೆ ಅದನ್ನು ಮಧುಮೇಹದ ಹೊಸ್ತಿಲು ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನ ಮಧುಮೇಹಿಗಳು, ಇನ್ನೂ 13.6 ಕೋಟಿ ಜನ ಆ ಹೊಸ್ತಿಲ ಮೇಲೆ ನಿಂತವರು. ನೀವು ಒಂಟಿಯಲ್ಲ, ಕಾಲವೂ ಮೀರಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್ನಿನ ಸಹಾಯಕ್ಕೆ ಕಾಯದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು, ಆದ್ದರಿಂದ ಊಟದ ಸಕ್ಕರೆ ರಕ್ತಕ್ಕೆ ಇಳಿಯುತ್ತಿರುವ ಹೊತ್ತಿನಲ್ಲೇ ನಡೆಯುವುದಕ್ಕೆ ವಿಶೇಷ ಬೆಲೆಯಿದೆ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಸಕ್ಕರೆಯ ಅಪಾಯದಲ್ಲಿದ್ದ, 60 ದಾಟಿದ 10 ಮಂದಿಗೆ ಮೂರು ಹೊತ್ತಿನ ಊಟದ ನಂತರ 15 ನಿಮಿಷಗಳ ನಡಿಗೆಯು ದಿನದ ಒಟ್ಟು ಸಕ್ಕರೆಯನ್ನು ಹಿಡಿತದಲ್ಲಿಡಲು ಬೆಳಗಿನ 45 ನಿಮಿಷಗಳ ನಡಿಗೆಯಷ್ಟೇ ಫಲ ಕೊಟ್ಟಿತು, ರಾತ್ರಿಯ ಊಟದ ನಂತರದ ಏರಿಕೆಯನ್ನು ತಗ್ಗಿಸುವುದರಲ್ಲಂತೂ ಮೇಲಾಗಿತ್ತು. ಹತ್ತು ಮಂದಿಯ ಅಧ್ಯಯನವನ್ನು ವೇದವಾಕ್ಯವೆನ್ನಲಾಗದು. ಆದರೆ ಅದು ಹೇಳುವುದು ದೇಹದ ಕಾರ್ಯವಿಧಾನಕ್ಕೆ ಹೊಂದುತ್ತದೆ, ಅದಕ್ಕಿಂತ ಮಿಗಿಲಾಗಿ ನಿಮ್ಮ ಸಂಸಾರಕ್ಕೆ ಹೊಂದುತ್ತದೆ. ಊಟ ತಪ್ಪುವುದಿಲ್ಲ, ಹಾಗಾಗಿ ಕರೆಯೂ ತಪ್ಪುವುದಿಲ್ಲ. ರಾತ್ರಿ ಮುದ್ದೆ ಸಾರು ಮುಗಿಸಿ ಕೈ ತೊಳೆದವರು ಟಿವಿಯ ಮುಂದೆ ಕೂರದೆ ನೇರವಾಗಿ ಚಪ್ಪಲಿ ಮೆಟ್ಟಬೇಕು, ಬೀದಿಯ ಕೊನೆಯವರೆಗೆ ಹೋಗಿ ಬರಬೇಕು, ಅಷ್ಟೆ. ಮಕ್ಕಳಲ್ಲಿ ಒಬ್ಬರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಎದುರುಬದುರು ಕೂರಿಸಿಕೊಂಡು ಕೇಳಿದರೆ ಬಾಯಿಬಿಡದ ಮಕ್ಕಳು ಪಕ್ಕದಲ್ಲಿ ನಡೆಯುವಾಗ ಶಾಲೆಯ ಸಂಗತಿಯನ್ನೆಲ್ಲ ಹೇಳುತ್ತಾರೆ. ಮೊದಲ ತಿಂಗಳು ಹತ್ತು ನಿಮಿಷ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯನ್ನು ಹೇಳುತ್ತದೆ, ಜೊತೆಗೆ ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಮಾಡುವುದು ಮೇಲೆಂದೂ ಹೇಳುತ್ತದೆ. ಆ ಮೊತ್ತಕ್ಕೆ ಆಮೇಲೆ ಹೋಗೋಣ, ಮೊದಲು ಚಪ್ಪಲಿ ಮೆಟ್ಟುವುದು ಅಭ್ಯಾಸವಾಗಲಿ.

ಸಕ್ಕರೆ ಬಿಡುವ ಸಂಕಲ್ಪವನ್ನು ಐದು ಚಹಾಗಳಿಗೆ ಇಳಿಸಿಕೊಳ್ಳಿ. ಒಂದು ಲೋಟಕ್ಕೆ ಎರಡು ಚಮಚ ಎಂದು ಹಿಡಿದರೂ ದಿನಕ್ಕೆ ಹತ್ತು ಚಮಚ, ಅಂದರೆ ಸುಮಾರು 40 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗರಿಷ್ಠ ಮಿತಿ 50 ಗ್ರಾಂ, ಅಪೇಕ್ಷಣೀಯವಾದದ್ದು 25 ಗ್ರಾಂ. ಪಾಯಸ, ಹೋಳಿಗೆ, ಬಿಸ್ಕತ್ತುಗಳನ್ನು ಸೇರಿಸುವ ಮೊದಲೇ ನೀವು ಅಪೇಕ್ಷಿತ ಗೆರೆಯನ್ನು ದಾಟಿರುತ್ತೀರಿ. ಕಚೇರಿಯಲ್ಲಿ ಚಹಾ ಬಿಡುವುದು ಕಷ್ಟ, ಅದು ಚಹಾ ಅಷ್ಟೇ ಅಲ್ಲ, ಕುರ್ಚಿಯಿಂದ ಎದ್ದು ನಾಲ್ಕು ಮಾತನಾಡುವ ಸಮಯ. ಆದ್ದರಿಂದ ಎದ್ದು ಹೋಗುವುದನ್ನು ಉಳಿಸಿಕೊಳ್ಳಿ, ಮಾತನ್ನೂ ಉಳಿಸಿಕೊಳ್ಳಿ, ಲೋಟದೊಳಗಿನದನ್ನು ಮಾತ್ರ ಬದಲಿಸಿ: ಎರಡು ಚಹಾ ಸಕ್ಕರೆ ಕಡಿಮೆ ಹಾಕಿಸಿ, ಉಳಿದ ಮೂರು ಸಲ ಮಜ್ಜಿಗೆಯೋ ಬಿಸಿನೀರೋ. ಅಂಗಡಿಯವನು ಸಕ್ಕರೆ ಬೆರೆಸಿಯೇ ಕುದಿಸುವವನಾದರೆ ಬೇರೆಯಾಗಿ ಮಾಡಿಕೊಡಲು ಒಮ್ಮೆ ಹೇಳಿಡಿ. ಒಂದು ವಾರದಲ್ಲಿ ನಿಮ್ಮನ್ನು ಕಂಡೊಡನೆ ಅವನೇ ಹಾಗೆ ಮಾಡುವಂತಾದರೆ, ನಿಮ್ಮ ಅಭ್ಯಾಸವನ್ನು ಇನ್ನೊಬ್ಬರೂ ನೆನಪಿಟ್ಟುಕೊಂಡಂತಾಯಿತು.

ಇಲಾಖಾ ಪರೀಕ್ಷೆಯ ಓದಿಗೆ ಬೆಳಗಿನ ಒಂದು ಗಂಟೆ ಬೇಕೆಂದೇನೂ ಇಲ್ಲ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಒಮ್ಮೆ ಓದಿ, ಪುಟ ಮುಚ್ಚಿ, ನೆನಪಿಗೆ ಬಂದದ್ದನ್ನು ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದೆ ಹೋದರು. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಇರುವುದಿಲ್ಲ. ಮಧ್ಯಾಹ್ನ ಡಬ್ಬಿ ಮುಚ್ಚಿದ ಕೂಡಲೆ ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಹಳೆಯ ಕಾಗದವೊಂದರ ಹಿಂಬದಿಯಲ್ಲಿ ನೆನಪಾದ ನಿಯಮಗಳನ್ನು ಐದು ಸಾಲು ಬರೆಯಿರಿ. ಮರುದಿನ ಹೊಸ ಪುಟಕ್ಕೆ ಮೊದಲು ಆ ಐದು ಸಾಲುಗಳನ್ನು ನೋಡದೆ ಹೇಳಿಕೊಳ್ಳಿ. ಇದಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ, ಪುಸ್ತಕ ಕಚೇರಿಯ ಮೇಜಿನ ಖಾನೆಯಲ್ಲೇ ಇರಬೇಕು, ಮನೆಯ ಬೀರುವಿನಲ್ಲಲ್ಲ. ಯೋಗವನ್ನು ಮೂರು ತಿಂಗಳ ನಂತರ ನೋಡೋಣ. ದಿನಚರಿಯನ್ನು ಬಿಟ್ಟುಬಿಡಿ, ನಿಮಗೆ ಅದರ ಮೇಲೆ ಪ್ರೀತಿಯಿದ್ದಂತೆ ಪತ್ರದಲ್ಲಿ ಕಾಣಲಿಲ್ಲ; ಬರೆಯಲೇಬೇಕೆನಿಸಿದರೆ ದಿನದ ಖರ್ಚನ್ನು ಬರೆಯಿರಿ, ತಿಂಗಳ ಕೊನೆಗೆ ಅದು ಹೆಚ್ಚು ಮಾತನಾಡುತ್ತದೆ.

ಇಷ್ಟನ್ನೂ ಒಟ್ಟಿಗೆ ಆರಂಭಿಸಿದರೆ ಮತ್ತೆ ಅದೇ ಪಟ್ಟಿಯಾಗುತ್ತದೆ. ಮೊದಲ ತಿಂಗಳು ಮೊಬೈಲ್ ಮತ್ತು ರಾತ್ರಿಯ ನಡಿಗೆ, ಅವು ಯೋಚಿಸದೆ ನಡೆಯುವಂತಾದ ಮೇಲೆ ಚಹಾ, ಅದರ ನಂತರ ಓದು ಎಂಬ ಅನುಕ್ರಮ ನಿಮಗೆ ಹೊಂದೀತು. ಅಡ್ಡಿಗಳು ಬಂದೇ ಬರುತ್ತವೆ. ನಿಮ್ಮ ನೌಕರಿಯಲ್ಲಿ ಚುನಾವಣಾ ಕರ್ತವ್ಯವಿದೆ, ಮನೆಯಲ್ಲಿ ಮದುವೆ, ಜಾತ್ರೆ, ನೆಂಟರು, ಮಳೆಗಾಲದ ರಾತ್ರಿಗಳಿವೆ. ಅಂತಹ ದಿನಗಳಿಗೆಂದು ಪ್ರತಿ ಅಭ್ಯಾಸದ ಒಂದು ಚಿಕ್ಕ ರೂಪವನ್ನು ಈಗಲೇ ಗೊತ್ತುಮಾಡಿಡಿ: ಮಳೆಯಾದರೆ ಜಗಲಿಯಲ್ಲೋ ಹಜಾರದಲ್ಲೋ ಐದು ನಿಮಿಷ, ಪುಸ್ತಕವಿಲ್ಲದ ಊರಿನಲ್ಲಿ ಹಿಂದಿನ ಐದು ಸಾಲುಗಳ ನೆನಪು. ಅದೂ ಆಗದಿದ್ದರೆ ಸೂತಕದ ದೀಪದಂತೆ ಬಿಟ್ಟು, ಮರಳಿದ ದಿನವೇ ಮತ್ತೆ ಹಿಡಿಯಿರಿ. ವರ್ಗಾವಣೆಯಾದರೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ವುಡ್ ಅವರ ತಂಡ 2005ರಲ್ಲಿ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಸುತ್ತಲಿನ ಸನ್ನಿವೇಶ ಬದಲಾದಲ್ಲಿ ವ್ಯಾಯಾಮ, ಪತ್ರಿಕೆ ಓದು, ಟಿವಿಯ ಹಳೆಯ ಅಭ್ಯಾಸಗಳು ಸಡಿಲವಾದದ್ದು ಕಂಡುಬಂತು. ಒಳ್ಳೆಯವೂ ಕೆಟ್ಟವೂ ಒಟ್ಟಿಗೆ ಕಳಚುವ ಹೊತ್ತು ಅದು. ಹೊಸ ಮನೆಯಲ್ಲಿ ಸಾಮಾನು ಇಳಿಸಿದ ಮೊದಲ ಸಂಜೆಯೇ ಚಾರ್ಜರ್ ಎಲ್ಲಿ, ಚಪ್ಪಲಿ ಎಲ್ಲಿ ಎಂದು ತೀರ್ಮಾನಿಸಿದರೆ ಮುಂದಿನ ಕೆಲಸ ಸುಲಭ.

ಒಂದು ವಿಚಾರವನ್ನು ಮಾತ್ರ ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಮಂಕು ಕವಿದಿರುವುದು, ಮೊಬೈಲ್ ಇಲ್ಲದಿದ್ದರೂ ನಿದ್ರೆ ಬಾರದಿರುವುದು ನಿಮ್ಮ ಅನುಭವವಾಗಿದ್ದರೆ, ಅದು ಸೋಮಾರಿತನವಾಗಲಿ ಆರಂಭಶೂರತ್ವವಾಗಲಿ ಅಲ್ಲ, ಚಿಕಿತ್ಸೆಯಿರುವ ಸ್ಥಿತಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ, ಅಥವಾ ಸರ್ಕಾರದ ಉಚಿತ ದೂರವಾಣಿ ಸೇವೆಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಿ.

ಸಕ್ಕರೆಯ ಬಗ್ಗೆ ನಿಮ್ಮ ವೈದ್ಯರನ್ನು ಈ ವಾರವೇ ಕಂಡು, ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಆ ಅಂಕಿಯನ್ನು ಕ್ಯಾಲೆಂಡರಿನ ಇಂದಿನ ದಿನಾಂಕದ ಮೇಲೆ ಬರೆದಿಡಿ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಪರೀಕ್ಷೆ, ನಿನ್ನೆಯ ಉಪವಾಸದಿಂದ ಅದನ್ನು ಏಮಾರಿಸಲಾಗದು. ಮೂರು ತಿಂಗಳ ನಂತರ ಅದೇ ಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ ಮತ್ತೆ ಮಾಡಿಸಿ, ಎರಡೂ ಅಂಕಿಗಳೊಂದಿಗೆ ಇನ್ನೊಮ್ಮೆ ಬರೆಯಿರಿ. ಆಗ ಯೋಗದ ಮಾತನ್ನೂ ತೆಗೆಯೋಣ.